ಕಾಂಕ್ರೀಟ್ ದೋಣಿ ಕಟ್ಟುವವರಿಗೆ: ಅಚ್ಚಿನಿಂದ ನೀರಿನವರೆಗೆ

ಕಾಂಕ್ರೀಟ್ ದೋಣಿ ಕಟ್ಟಲು ಹೊರಟ ವಿದ್ಯಾರ್ಥಿ ತಂಡಗಳು ನನ್ನನ್ನು ಮೊದಲು ಕೇಳುವುದು ಮಿಶ್ರಣದ ಬಗ್ಗೆ. ಸಿಮೆಂಟ್ ಎಷ್ಟು, ಜಲ್ಲಿಯ ಬದಲು ಹಾಕುವ ಹಗುರ ಗಾಜಿನ ಮಣಿ ಎಷ್ಟು, ನೀರು ಎಷ್ಟು? ಓದುವ ಕಾಲದಲ್ಲಿ ನಮ್ಮ ತಂಡದ ಮಿಶ್ರಣದ ಹೊಣೆ ಹೊತ್ತವಳು ನಾನು. ಈಗಲೂ ಕಾಂಕ್ರೀಟ್ ಪ್ರಯೋಗಾಲಯವೇ ನನ್ನ ಜೀವನೋಪಾಯ. ಹಾಗಾಗಿ ಆ ಪ್ರಶ್ನೆ ನನಗೆ ಪ್ರಿಯವಾದದ್ದೇ. ಆದರೂ ಉತ್ತರಿಸುವ ಮುನ್ನ ಒಂದು ಮಾತು ಹೇಳಿಬಿಡುತ್ತೇನೆ: ಒಳ್ಳೆಯ ಮಿಶ್ರಣ ಕಂಡುಕೊಂಡ ತಂಡಗಳು ಬಹಳ ಇವೆ, ಅದನ್ನು ಆರು ಮೀಟರ್ ಉದ್ದಕ್ಕೂ ಒಂದೇ ದಪ್ಪದಲ್ಲಿ ಹಚ್ಚಬಲ್ಲ ತಂಡಗಳು ಕಡಿಮೆ. ದೋಣಿಯ ಹಣೆಬರಹ ಬರೆಯುವುದು ಎರಕದ ದಿನ ಕರಣೆ ಹಿಡಿದ ಕೈಗಳು. ಆ ಕೈಗಳನ್ನು ಪಳಗಿಸುವ ವಿಷಯಕ್ಕೆ ನಾನು ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ.

ಕಾಂಕ್ರೀಟ್ ತೇಲುವುದು ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ಜೋಸೆಫ್ ಲೂಯಿ ಲಾಂಬೋ 1848ರಲ್ಲೇ ಕಬ್ಬಿಣದ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿ ದೋಣಿ ಮಾಡಿದ್ದರು. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದನ್ನು ಜನರೆದುರು ಇಟ್ಟರು. ಬಲವರ್ಧಿತ ಕಾಂಕ್ರೀಟಿನ ಮೊದಲ ಹೆಜ್ಜೆಗಳಲ್ಲಿ ಒಂದು ನೀರಿನ ಮೇಲೆ ಬಿತ್ತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಮೊದಲ ಮಹಾಯುದ್ಧದ ಉಕ್ಕಿನ ಅಭಾವದಲ್ಲಿ ಕಡಲಿಗಿಳಿಯುವ ಕಾಂಕ್ರೀಟ್ ಹಡಗುಗಳೇ ಬಂದವು. ವಿದ್ಯಾರ್ಥಿಗಳ ಪೈಪೋಟಿ ಬೆಳೆದದ್ದು ಅಮೆರಿಕದಲ್ಲಿ. 1971ರಲ್ಲಿ ಇಲಿನಾಯ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ತಂಡಗಳು ತಮ್ಮ ಕಾಂಕ್ರೀಟ್ ದೋಣಿಗಳಲ್ಲಿ ಎದುರುಬದುರಾದವು. ಅಮೆರಿಕನ್ ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್‌ನ ರಾಷ್ಟ್ರಮಟ್ಟದ ಸ್ಪರ್ಧೆ 1988ರಲ್ಲಿ ಶುರುವಾಯಿತು. ಕೆನಡಾ, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲೂ ಇಂಥ ಸ್ಪರ್ಧೆಗಳಿವೆ.

ನೀವು ಯಾವ ಸ್ಪರ್ಧೆಗೆ ಹೋಗುತ್ತಿದ್ದರೂ ಆ ವರ್ಷದ ನಿಯಮಾವಳಿಯನ್ನು ತಂಡದ ಪ್ರತಿಯೊಬ್ಬರೂ ಪೂರ್ತಿ ಓದಬೇಕು. ನಾಯಕ ಓದಿ ಉಳಿದವರಿಗೆ ಹೇಳಿದರೆ ಸಾಲದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಯಾವ ಸಿಮೆಂಟ್ ಸಲ್ಲುತ್ತದೆ, ಹಗುರ ಜಲ್ಲಿಯ ಪಾಲು ಎಷ್ಟಿರಬೇಕು, ಜಾಲರಿಯಲ್ಲಿ ತೆರೆದ ಜಾಗ ಎಷ್ಟಿರಬೇಕು, ಬಣ್ಣ ಬಳಿಯಬಹುದೇ ಎಂಬುದೆಲ್ಲ ಅಲ್ಲಿರುತ್ತದೆ. ಅಂಕಗಳು ಓಟಕ್ಕೆ ಮಾತ್ರ ಅಲ್ಲ, ಲಿಖಿತ ವರದಿಗೆ, ಮೌಖಿಕ ಮಂಡನೆಗೆ, ಸಿದ್ಧ ದೋಣಿಯ ಅಂದಕ್ಕೂ ಇರುತ್ತವೆ. ಆದ್ದರಿಂದ ಮೊದಲ ಪ್ರಯೋಗದ ದಿನದಿಂದಲೇ ಎಲ್ಲ ತೂಕ, ಅಳತೆ, ದಿನಾಂಕಗಳನ್ನು ಒಂದೇ ನೋಟ್‌ಬುಕ್‌ನಲ್ಲಿ ಬರೆದಿಡಿ. ವರದಿ ಬರೆಯುವ ವಾರದಲ್ಲಿ ಆ ಪುಸ್ತಕವೇ ನಿಮ್ಮನ್ನು ಕಾಪಾಡುತ್ತದೆ.

ದೋಣಿಯ ಆಕಾರ

ಆಕಾರದ ವಿಷಯದಲ್ಲಿ ನಾನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಉದ್ದ ಸುಮಾರು 6 ಮೀಟರ್, ಅಗಲ 70ರಿಂದ 80 ಸೆಂಟಿಮೀಟರ್, ಆಳ 35ರಿಂದ 40 ಸೆಂಟಿಮೀಟರ್ ಇದ್ದರೆ ಇಬ್ಬರೂ ನಾಲ್ವರೂ ಕೂರಬಹುದು. ಉದ್ದ ಹೆಚ್ಚಿದಷ್ಟೂ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುವ ವೇಗವೂ ಮೇಲಕ್ಕೆ ಹೋಗುತ್ತದೆ. ನೀರಿಗೆ ತಾಗುವ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.25ರಿಂದ ಗುಣಿಸಿದರೆ ಆ ಮಿತಿ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. 6 ಮೀಟರಿಗೆ ಅದು ಸುಮಾರು 3. ಅದಕ್ಕಿಂತ ವೇಗ ಬೇಕೆಂದರೆ ತೋಳುಗಳು ವಿಪರೀತ ದುಡಿಯಬೇಕು.

ನೇರ ಓಟಕ್ಕೆ ಉದ್ದವಾದ, ತಳ ಸಮವಾದ ದೋಣಿ ಬೇಕು. ತಿರುವಿನ ಜಾಗ ತೋರಿಸಲು ನೀರಿನಲ್ಲಿ ಬಿಟ್ಟ ತೇಲುಗುರುತನ್ನು ಸುತ್ತಿ ತಿರುಗಲು ಎರಡು ತುದಿಗಳೂ ಸ್ವಲ್ಪ ಮೇಲೆದ್ದ ಬಾಗಿದ ತಳ ಬೇಕು. ಎರಡೂ ಓಟಗಳಿಗೆ ಒಂದೇ ದೋಣಿ ಇರುವುದರಿಂದ ನಡುವಿನ ದಾರಿ ಹಿಡಿಯಬೇಕಾಗುತ್ತದೆ. ನನ್ನ ಒಲವು ತಿರುವಿನ ಕಡೆಗೆ. ನೇರ ಓಟದಲ್ಲಿ ಅರ್ಧ ಸೆಕೆಂಡ್ ಕಳೆದುಕೊಂಡರೂ ಪರವಾಗಿಲ್ಲ, ತಿರುವಿನಲ್ಲಿ ಎಡವಿದ ತಂಡ ಹತ್ತು ಸೆಕೆಂಡ್ ಕಳೆದುಕೊಳ್ಳುತ್ತದೆ. ದೋಣಿ ವಿನ್ಯಾಸಕ್ಕೆ ಉಚಿತ ತಂತ್ರಾಂಶಗಳು ಸಿಗುತ್ತವೆ. ನಾಲ್ವರು ಕೂತಾಗ ಅಂಚು ನೀರಿನಿಂದ ಎಷ್ಟು ಮೇಲಿರುತ್ತದೆ ಎಂಬುದನ್ನು ಅದರಲ್ಲೇ ನೋಡಿಕೊಳ್ಳಿ. 15 ಸೆಂಟಿಮೀಟರಿಗಿಂತ ಕಡಿಮೆಯಾದರೆ ತಿರುವಿನಲ್ಲಿ ವಾಲಿದಾಗ ನೀರು ಒಳನುಗ್ಗುತ್ತದೆ.

ಅಚ್ಚು

ಉಬ್ಬು ಅಚ್ಚಿನ ಮೇಲೆ ಕಾಂಕ್ರೀಟ್ ಹಚ್ಚಿದರೆ ದೋಣಿಯ ಒಳಮೈ ನಯವಾಗಿ ಬರುತ್ತದೆ, ಹೊರಮೈಯನ್ನು ಉಜ್ಜಬೇಕಾಗುತ್ತದೆ. ತಗ್ಗು ಅಚ್ಚಿನೊಳಗೆ ಹಚ್ಚಿದರೆ ಇದು ತಿರುವುಮುರುವು. ಹೊಸ ತಂಡಗಳಿಗೆ ನಾನು ಉಬ್ಬು ಅಚ್ಚನ್ನೇ ಸೂಚಿಸುತ್ತೇನೆ. ಎಲ್ಲರೂ ಸುತ್ತ ನಿಂತು ಕೆಲಸ ಮಾಡಬಹುದು, ದಪ್ಪ ಅಳೆಯುವುದೂ ಸುಲಭ.

ಥರ್ಮೋಕೋಲ್ ದಿಮ್ಮಿಗಳನ್ನು ಬಿಸಿ ತಂತಿಯಿಂದ ಅಡ್ಡಛೇದಗಳ ಆಕಾರಕ್ಕೆ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ, ಮೇಜಿನ ಮೇಲೆ ದಾರ ಕಟ್ಟಿ ನೇರ ನೋಡಿ ಅಂಟಿಸಬೇಕು. ಸಂದುಗಳನ್ನು ಪುಟ್ಟಿಯಿಂದ ಮುಚ್ಚಿ, ಉಜ್ಜಿ, ಎಪಾಕ್ಸಿ ಬಳಿಯಿರಿ. ಅಚ್ಚಿನ ಮೇಲಿನ ಪ್ರತಿ ಗೀರೂ ದೋಣಿಯ ಒಳಮೈಯಲ್ಲಿ ಮೂಡುತ್ತದೆ. ನಡುವಿನ ಒಂದು ತುಂಡನ್ನು ಬೆಣೆಯಂತೆ ಓರೆಯಾಗಿ ಕತ್ತರಿಸಿಟ್ಟರೆ ಆಮೇಲೆ ಅಚ್ಚು ಕಳಚುವಾಗ ಅದನ್ನೇ ಮೊದಲು ಎಳೆದು ತೆಗೆಯಬಹುದು, ಉಳಿದ ತುಂಡುಗಳು ಸಡಿಲಗೊಳ್ಳುತ್ತವೆ. ಎರಕದ ಹಿಂದಿನ ದಿನ, ಕಾಂಕ್ರೀಟ್ ಅಚ್ಚಿಗೆ ಅಂಟದಂತೆ ಶಟರಿಂಗ್ ಎಣ್ಣೆಯನ್ನು ತೆಳುವಾಗಿ ಸವರಿ. ಎಲ್ಲೂ ತೊಟ್ಟಿಕ್ಕುವಷ್ಟು ನಿಲ್ಲಬಾರದು.

ಮಿಶ್ರಣ

ಸಾಮಾನ್ಯ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2400 ಕಿಲೋ ತೂಗುತ್ತದೆ, ನೀರು 1000 ಕಿಲೋ. ನಮಗೆ ಬೇಕಾದದ್ದು 1000ಕ್ಕಿಂತ ಕೆಳಗಿನ ಕಾಂಕ್ರೀಟ್. ಜಲ್ಲಿ, ಮರಳುಗಳ ಜಾಗದಲ್ಲಿ ಉಬ್ಬಿಸಿದ ಗಾಜಿನ ಮಣಿಗಳು, ಟೊಳ್ಳು ಗಾಜಿನ ಸೂಕ್ಷ್ಮಗೋಳಗಳು, ಹಾರುಬೂದಿಯಿಂದ ಬೇರ್ಪಡಿಸಿದ ಟೊಳ್ಳು ಗೋಳಗಳು ಬರುತ್ತವೆ. ಲೆಕ್ಕ ಹಾಕುವ ಬಗೆ ತಿಳಿಯಲೆಂದು ಒಂದು ಘನ ಮೀಟರಿನ ಉದಾಹರಣೆ ಕೊಡುತ್ತೇನೆ.

ಸಿಮೆಂಟ್ 200 ಕಿಲೋ, ಊದುಕುಲುಮೆಯ ಕಿಟ್ಟದ ಪುಡಿ 140, ಮೆಟಾಕೋಲಿನ್ (ಸುಟ್ಟ ಬಿಳಿ ಜೇಡಿಮಣ್ಣಿನ ನುಣ್ಣನೆಯ ಪುಡಿ) 60. ಈ ಮೂರೂ ಸೇರಿ ಹಿಡಿಯುವ ಜಾಗ ಸುಮಾರು 136 ಲೀಟರ್. ನೀರು 200 ಲೀಟರ್. ಒಳಗೆ ಸಿಕ್ಕುವ ಗಾಳಿ ನೂರಕ್ಕೆ 5 ಎಂದರೆ 50 ಲೀಟರ್. ಉಳಿದ ಸುಮಾರು 614 ಲೀಟರಿನಲ್ಲಿ 500 ಲೀಟರ್ ಗಾಜಿನ ಮಣಿಗೆ ಕೊಡಿ. ಕಣದ ಸಾಂದ್ರತೆ ಲೀಟರಿಗೆ ಅರ್ಧ ಕಿಲೋ ಎಂದು ಹಿಡಿದರೆ 250 ಕಿಲೋ. ಮಿಕ್ಕ 114 ಲೀಟರ್ ಸೂಕ್ಷ್ಮಗೋಳಗಳಿಗೆ, ಅದು ಸುಮಾರು 40 ಕಿಲೋ. ಒಟ್ಟು 890. ಮಣಿಗಳು ಹೀರಿಕೊಂಡ ನೀರು ಇನ್ನೊಂದು 50 ಕಿಲೋ ಸೇರಿಸಿದರೆ 940. ನೀರಿಗಿಂತ ಹಗುರ. ನಿಮ್ಮ ಕೈಗೆ ಸಿಕ್ಕ ವಸ್ತುಗಳ ಸಾಂದ್ರತೆ ಬೇರೆ ಇರುತ್ತದೆ, ತಯಾರಕರ ಮಾಹಿತಿಪತ್ರ ನೋಡಿ ಇದೇ ಲೆಕ್ಕವನ್ನು ಮತ್ತೆ ಹಾಕಿ. ಇದರ ಜೊತೆಗೆ ಬಿರುಕು ತಡೆಯಲು 8ರಿಂದ 12 ಮಿಲಿಮೀಟರ್ ಉದ್ದದ ಪಿವಿಎ ಎಂಬ ಪ್ಲಾಸ್ಟಿಕ್ ನಾರು, ನೀರು ಹೆಚ್ಚಿಸದೆ ಹದ ತರಲು ಸೂಪರ್ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಬೇಕು.

ಮಣಿಗಳನ್ನು ಮೊದಲೇ ನೆನೆಸಿ, ಮೇಲ್ಮೈ ಆರಿದ ಸ್ಥಿತಿಗೆ ತಂದು ಬಳಸಿ. ಒಣ ಮಣಿ ಹಾಕಿದರೆ ಅದು ಮಿಶ್ರಣದ ನೀರನ್ನೇ ಹೀರುತ್ತದೆ, ಅರ್ಧ ಗಂಟೆಯಲ್ಲಿ ನಿಮ್ಮ ಕೈಯಲ್ಲಿ ಹದ ಕೆಟ್ಟ ಗಟ್ಟಿ ಮುದ್ದೆ ಉಳಿಯುತ್ತದೆ. ಟೊಳ್ಳು ಗೋಳಗಳನ್ನು ಕೊನೆಯಲ್ಲಿ, ನಿಧಾನ ವೇಗದಲ್ಲಿ ಬೆರೆಸಿ. ಜೋರಾಗಿ ತಿರುಗಿಸಿದರೆ ಅವು ಒಡೆದು ಹಗುರತನವೇ ಹೋಗುತ್ತದೆ. ಒಂದೇ ಮಿಶ್ರಣವನ್ನು ಒಂದು ತಂಡ ಎರಡು ನಿಮಿಷ, ಇನ್ನೊಂದು ತಂಡ ಹತ್ತು ನಿಮಿಷ ತಿರುಗಿಸಿದಾಗ ಸಾಂದ್ರತೆ ಬೇರೆ ಬೇರೆ ಬಂದದ್ದನ್ನು ನಾನು ಪ್ರಯೋಗಾಲಯದಲ್ಲಿ ನೋಡಿದ್ದೇನೆ.

ಬಲಕ್ಕಾಗಿ ತೂಕ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಇಂಥ ಮಿಶ್ರಣದಲ್ಲಿ 28ನೆಯ ದಿನಕ್ಕೆ 8ರಿಂದ 10 ಮೆಗಾಪ್ಯಾಸ್ಕಲ್ ಒತ್ತುಬಲ ಬಂದರೆ ದೋಣಿಗೆ ಸಾಕು. ದೋಣಿ ಬಿರಿಯುವುದು ಎಳೆತದಿಂದ, ಎಳೆತವನ್ನು ಹೊರುವುದು ಜಾಲರಿ. ಪರೀಕ್ಷೆಗೆಂದು ಅದೇ ಮಿಶ್ರಣದಿಂದ ಎರೆದ ಸಿಲಿಂಡರ್‌ಗಳನ್ನು ಅಡ್ಡ ಮಲಗಿಸಿ ಸೀಳುವ ಪರೀಕ್ಷೆಯನ್ನೂ ಮಾಡಿ, ಆ ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹದಕ್ಕೆ ನಾನು ನೋಡುವ ಪರೀಕ್ಷೆ ಇದು: ಒಂದು ಹಿಡಿ ಮಿಶ್ರಣವನ್ನು ನಿಲುವು ಹಲಗೆಗೆ 6 ಮಿಲಿಮೀಟರ್ ದಪ್ಪ ಹಚ್ಚಿ ಬಿಡಿ. ಹತ್ತು ನಿಮಿಷ ಜಾರದೆ ನಿಂತರೆ ಅದು ದೋಣಿಯ ಗೋಡೆಯಲ್ಲೂ ನಿಲ್ಲುತ್ತದೆ.

ಮುಳುಗಿಸುವ ಪರೀಕ್ಷೆಯ ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. ದೋಣಿಗೆ ನೀರು ತುಂಬಿ ಒತ್ತಿ ಬಿಟ್ಟಾಗ ಅದು ತಾನಾಗಿ ಮೇಲೆ ಬರಬೇಕೆಂದು ಸ್ಪರ್ಧೆಗಳು ಕೇಳುತ್ತವೆ. ಕಾಂಕ್ರೀಟ್ ನೀರಿಗಿಂತ ಹಗುರವಾದರೆ ಬರುತ್ತದೆ. 1050 ಕಿಲೋ ಸಾಂದ್ರತೆಯ 100 ಲೀಟರ್ ಕಾಂಕ್ರೀಟಾದರೆ ತೂಕ 105 ಕಿಲೋ, ಎತ್ತುವ ಬಲ 100 ಕಿಲೋ. ಉಳಿದ 5 ಕಿಲೋವನ್ನು ಎರಡು ತುದಿಗಳಲ್ಲಿ ಹುದುಗಿಸಿದ ಫೋಮ್ ಎತ್ತಬೇಕು. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕಿಲೋ ಎತ್ತುತ್ತದೆ. ಆದರೂ ಲೆಕ್ಕಕ್ಕಿಂತ ಎರಡು ಪಟ್ಟು ಇಡಿ. ಕಾಂಕ್ರೀಟ್ ನೀರು ಕುಡಿಯುತ್ತದೆ, ಜಾಲರಿಯ ತೂಕವೂ ಸೇರುತ್ತದೆ.

ಜಾಲರಿ

ಕ್ಷಾರ ತಡೆಯುವ ಗಾಜಿನ ನಾರಿನ ಜಾಲರಿ, ಬಸಾಲ್ಟ್ ಜಾಲರಿ, ಕಾರ್ಬನ್ ಜಾಲರಿ ಈ ಮೂರರಲ್ಲಿ ಒಂದನ್ನು ಹೆಚ್ಚಿನ ತಂಡಗಳು ಆರಿಸುತ್ತವೆ. ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ತಿನ್ನುತ್ತದೆ, ಅದನ್ನು ಬಿಟ್ಟುಬಿಡಿ. ಕಣ್ಣುಗಳು ದೊಡ್ಡದಿರಲಿ, ಎರಡು ಪದರಗಳ ಕಾಂಕ್ರೀಟ್ ಆ ಕಣ್ಣುಗಳ ಮೂಲಕವೇ ಒಂದಕ್ಕೊಂದು ಬೆಸೆಯಬೇಕು. ಇಬ್ಬರು ತುದಿಗಳ ಬಳಿ ಕೂತಾಗ ನಡುವೆ ನೀರು ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ, ಆಗ ಎಳೆತ ಬೀಳುವುದು ಮೇಲಂಚಿಗೆ. ಹಾಗಾಗಿ ಅಂಚಿನುದ್ದಕ್ಕೂ ಒಂದು ಹೆಚ್ಚುವರಿ ಪಟ್ಟಿ ಇಡಿ. ಹುಟ್ಟು ಹಾಕುವವರು ಮಂಡಿಯೂರುವ ಜಾಗದಲ್ಲೂ ಇನ್ನೊಂದು ಪಟ್ಟಿ ಬೇಕು.

ಕೈಗಳನ್ನು ಪಳಗಿಸುವುದು

ಇಂಥ ದೋಣಿಯ ಮೈ ಸುಮಾರು ಆರೂವರೆ ಚದರ ಮೀಟರ್. 15 ಮಿಲಿಮೀಟರ್ ದಪ್ಪ, 950 ಕಿಲೋ ಸಾಂದ್ರತೆ ಎಂದರೆ 93 ಕಿಲೋ ಆಗುತ್ತದೆ. ಕೈಗಳು ಉದಾರವಾಗಿ 18 ಮಿಲಿಮೀಟರ್ ಹಚ್ಚಿದರೆ 111 ಕಿಲೋ. ಬರೀ ಮೂರು ಮಿಲಿಮೀಟರ್ ಹದಿನೆಂಟು ಕಿಲೋ ತಂದಿತು. ಇಷ್ಟೇ ತೂಕವನ್ನು ಮಿಶ್ರಣದಿಂದ ಇಳಿಸಬೇಕೆಂದರೆ ಸಾಂದ್ರತೆಯನ್ನು 950ರಿಂದ 800ರ ಆಸುಪಾಸಿಗೆ ತರಬೇಕು. ಅದಕ್ಕೆ ತಿಂಗಳುಗಟ್ಟಲೆ ಪ್ರಯೋಗ ಬೇಕು, ಬಲವೂ ಕುಸಿಯುತ್ತದೆ. ಇನ್ನೊಂದು ಕಡೆ ತೆಳ್ಳಗಾದರೆ? 15ರ ಬದಲು 10 ಆದ ಕಡೆ ಜಾಲರಿ ಮೇಲ್ಮೈಗೆ ಬರುತ್ತದೆ, ಉಜ್ಜುವಾಗ ಕಾಣಿಸಿಕೊಳ್ಳುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ದಪ್ಪದ ಕಡೆ ತೂಕ, ತೆಳುವಿನ ಕಡೆ ಬಿರುಕು, ಎರಡನ್ನೂ ಒಂದೇ ದೋಣಿಯಲ್ಲಿ ನೋಡಬಹುದು. ಇದಕ್ಕಾಗಿಯೇ ನಾನು ಅಭ್ಯಾಸಕ್ಕೆ ಇಷ್ಟು ಒತ್ತು ಕೊಡುವುದು.

ಹಳೆಯ ದೋಣಿ ಏನಾದರೂ ಉಳಿದಿದ್ದರೆ ಅದನ್ನು ವಜ್ರದ ಬ್ಲೇಡಿನಿಂದ ಅಡ್ಡಡ್ಡ ಕತ್ತರಿಸಿ, ಕತ್ತರಿಸಿದ ಅಂಚಿನ ಉದ್ದಕ್ಕೂ ಐದೈದು ಸೆಂಟಿಮೀಟರಿಗೆ ವರ್ನಿಯರ್ ಇಟ್ಟು ದಪ್ಪ ಬರೆದುಕೊಳ್ಳಿ. ತಳ ಮತ್ತು ಗೋಡೆ ಸೇರುವ ತಿರುವಿನಲ್ಲಿ ಕಾಂಕ್ರೀಟ್ ಕೂಡಿಕೊಂಡಿರುತ್ತದೆ, ಅಂಚಿನ ಹತ್ತಿರ ತೆಳ್ಳಗಿರುತ್ತದೆ. ನಾನು ಕತ್ತರಿಸಿ ನೋಡಿದ ದೋಣಿಗಳಲ್ಲೆಲ್ಲ ಇದೇ ಚಿತ್ರ. ಈ ಅಂಕಿಗಳನ್ನು ಹೊಸ ತಂಡದ ಮುಂದಿಡಿ, ಉಪದೇಶದ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಅಚ್ಚಿನ ಮಾದರಿಯಲ್ಲೇ ಒಂದು ಮೀಟರ್ ಉದ್ದದ ತುಂಡು ಅಚ್ಚು ಮಾಡಿ. ನಾನು ಮೆಚ್ಚುವ ವಿಧಾನ ಹೀಗಿದೆ. ದಪ್ಪ ಪ್ಲಾಸ್ಟಿಕ್ ಹಾಳೆಯ ಎರಡೂ ಬದಿಗೆ 5 ಮಿಲಿಮೀಟರಿನ ಪಟ್ಟಿಗಳನ್ನು ಅಂಟಿಸಿ, ನಡುವೆ ಮಿಶ್ರಣ ಹರಡಿ, ಪಟ್ಟಿಗಳ ಮೇಲೆ ಕೊಳವೆಯನ್ನು ಉರುಳಿಸಿದರೆ ಸರಿಯಾಗಿ 5 ಮಿಲಿಮೀಟರಿನ ಹಾಳೆ ಸಿದ್ಧವಾಗುತ್ತದೆ. ಅದನ್ನು ಪ್ಲಾಸ್ಟಿಕ್ ಸಮೇತ ಎತ್ತಿ ಅಚ್ಚಿನ ಮೇಲೆ ಮಗುಚಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಒತ್ತಿ, ಪ್ಲಾಸ್ಟಿಕ್ ಸುಲಿಯಿರಿ. ಪಕ್ಕದ ಹಾಳೆಯ ಅಂಚನ್ನು ಇದರ ಅಂಚಿಗೆ ಬೆರಳಿನಿಂದ ಬೆಸೆಯಿರಿ. ಮೂರು ಪದರ, ನಡುವೆ ಎರಡು ಜಾಲರಿ, ಒಟ್ಟು 15. ಬರಿಗೈಯಲ್ಲಿ ಮೆತ್ತುವವರಿಗಿಂತ ಹಾಳೆ ಹಾಸುವವರ ದಪ್ಪ ಹೆಚ್ಚು ಸಮವಾಗಿರುತ್ತದೆ ಎಂಬುದು ನನ್ನ ಅನುಭವ. ಬೆಸುಗೆಯ ಗೆರೆಗಳನ್ನು ಮಾತ್ರ ಪದರದಿಂದ ಪದರಕ್ಕೆ ಸರಿಸುತ್ತಾ ಹೋಗಬೇಕು, ಒಂದರ ಮೇಲೊಂದು ಬಂದರೆ ಅದೇ ದುರ್ಬಲ ಗೆರೆಯಾಗುತ್ತದೆ.

ಅಳತೆಗೆ ತೆಳ್ಳನೆಯ ಸೂಜಿಗೆ 5, 10, 15 ಮಿಲಿಮೀಟರಿನಲ್ಲಿ ಗುರುತು ಹಾಕಿ, ಅಚ್ಚಿನ ಗಟ್ಟಿ ಮೈ ತಾಗುವವರೆಗೆ ಚುಚ್ಚಿ ನೋಡಿ. ಅಭ್ಯಾಸದ ತುಂಡು ಗಟ್ಟಿಯಾದ ಮೇಲೆ ಒಡೆದು, ಸೂಜಿ ಹೇಳಿದ್ದೂ ವರ್ನಿಯರ್ ಹೇಳುವುದೂ ಒಂದೇ ಇದೆಯೇ ನೋಡಿ. ಒಂದೂವರೆ ಮಿಲಿಮೀಟರಿನ ಒಳಗೆ ಹೆಚ್ಚುಕಡಿಮೆ ಬರುವವರೆಗೆ ಅಭ್ಯಾಸ ಮುಂದುವರಿಯಲಿ. ಯಾರ ಕೈ ಭಾರ, ಯಾರ ಕೈ ಹಗುರ ಎಂಬುದು ಈ ಹಂತದಲ್ಲಿ ತಿಳಿಯುತ್ತದೆ. ಹಗುರ ಕೈಯವರನ್ನು ತಳಕ್ಕೆ, ತಾಳ್ಮೆಯವರನ್ನು ಎರಡು ತುದಿಗಳಿಗೆ ಹಾಕಿ. ತುದಿಗಳ ಇಕ್ಕಟ್ಟು ತಿರುವುಗಳೇ ಅತಿ ಕಷ್ಟದ ಜಾಗ.

ಎರಕದ ದಿನ

ಕೆಲಸ ಆರೇಳು ಗಂಟೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ. ನಡುವೆ ನಿಲ್ಲಿಸುವಂತಿಲ್ಲ, ಒಣಗಿದ ಪದರಕ್ಕೆ ಹಸಿ ಪದರ ಹಿಡಿಯುವುದಿಲ್ಲ. ತೂಗುವವರು, ಬೆರೆಸುವವರು, ಹಾಳೆ ಉರುಳಿಸುವವರು, ಹಾಸುವವರು, ಸೂಜಿ ಹಿಡಿದು ಅಳೆಯುವವರು, ಹೀಗೆ ಕೆಲಸ ಹಂಚಿ. ಅಳೆಯುವವರ ಮಾತೇ ಕೊನೆಯ ಮಾತು ಎಂದು ಮೊದಲೇ ಒಪ್ಪಿಕೊಳ್ಳಿ. ನಮ್ಮ ತಂಡದಲ್ಲಿ ಆ ಕೆಲಸ ಮಾಡಿದ ಗೆಳತಿ ತಂಡದ ನಾಯಕನ ಕೈಯಿಂದಲೇ ಕರಣೆ ಕಸಿದುಕೊಂಡು ಎರಡು ಹಾಳೆ ತೆಗೆಸಿದ್ದಳು. ಆಗ ಮುಖ ಸಿಂಡರಿಸಿದವರೆಲ್ಲ ದೋಣಿ ತೂಗಿದ ದಿನ ಅವಳಿಗೆ ಕೈಮುಗಿದರು.

ಒಣ ವಸ್ತುಗಳನ್ನು ಹಿಂದಿನ ದಿನವೇ ತೂಗಿ ಡಬ್ಬಗಳಲ್ಲಿ ಮುಚ್ಚಿಡಿ. ಒಮ್ಮೆಗೆ ಎಂಟು ಹತ್ತು ಲೀಟರಿಗಿಂತ ಹೆಚ್ಚು ಕಲಸಬೇಡಿ. ಪ್ರತಿ ಕಲಸಿನಿಂದಲೂ ಒಂದು ಲೀಟರ್ ತುಂಬಿ ತೂಗಿ. 30 ಗ್ರಾಂ ಹೆಚ್ಚು ಬಂದರೆ ಇಡೀ ದೋಣಿಗೆ ಅದು ಮೂರು ಕಿಲೋ. ಎಲ್ಲಿ ತಪ್ಪಿತೆಂದು ಆಗಲೇ ಹುಡುಕಿ. ಒಟ್ಟು ಬೇಕಾದದ್ದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು ಸಿದ್ಧವಿರಲಿ, ಸಿಲಿಂಡರ್‌ಗಳಿಗೂ ಬೇಕು, ಚೆಲ್ಲುವುದೂ ಇರುತ್ತದೆ.

ಉಬ್ಬು ಅಚ್ಚಿನ ಮೇಲೆ ದೋಣಿ ಬೋರಲಾಗಿರುವುದರಿಂದ ಗೋಡೆಗಳನ್ನು ಅಂಚಿನಿಂದ ಶುರು ಮಾಡಿ ತಳದ ಕಡೆಗೆ ಹೋಗಿ. ಅಂಚಿನಲ್ಲಿ ಮರದ ಪಟ್ಟಿ ಹೊಡೆದಿದ್ದರೆ ಮೇಲಿನ ಕಾಂಕ್ರೀಟ್ ಅದರ ಮೇಲೆ ಕೂತು ಜಾರುವುದು ನಿಲ್ಲುತ್ತದೆ. ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ಹಸಿ ಸಿಮೆಂಟ್ ತೀವ್ರ ಕ್ಷಾರ, ನೋವೇ ಗೊತ್ತಾಗದಂತೆ ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಶುದ್ಧ ನೀರು ಇರಲಿ.

ಕ್ಯೂರಿಂಗ್ ಮತ್ತು ಉಜ್ಜುವುದು

15 ಮಿಲಿಮೀಟರಿನ ಗೋಡೆ ಬೇಗ ಒಣಗುತ್ತದೆ, ಒಣಗಿದರೆ ಕುಗ್ಗುತ್ತದೆ, ಒಳಗಿನ ಅಚ್ಚು ಕುಗ್ಗಲು ಬಿಡದಿದ್ದರೆ ಬಿರಿಯುತ್ತದೆ. ಆದ್ದರಿಂದ ಕೊನೆಯ ಹಾಳೆ ಹಾಸಿದ ಕೂಡಲೇ ಇಡೀ ದೋಣಿಯ ಸುತ್ತ ಪ್ಲಾಸ್ಟಿಕ್ ಗುಡಾರ ಕಟ್ಟಿ, ಒಳಗೆ ತೇವ ಹರಡುವ ಯಂತ್ರ ಇಡಿ. ಮೊದಲ ದಿನ ನೀರಿನ ಹನಿ ನೇರವಾಗಿ ಮೈಮೇಲೆ ಬೀಳದಿರಲಿ, ಗುಂಡಿ ಬೀಳುತ್ತದೆ. ಆಮೇಲೆ ಒದ್ದೆ ಗೋಣಿ ಹೊದಿಸಬಹುದು. ಸಾಧ್ಯವಿದ್ದರೆ 28 ದಿನವೂ ತೇವ ಕೊಡಿ. ರಜೆ ಬಂತೆಂದು ಎಲ್ಲರೂ ಊರಿಗೆ ಹೋಗುವ ವಾರವೇ ಗುಡಾರ ಒಣಗುವ ವಾರ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ.

ಹೊರಮೈಯನ್ನು ಅಚ್ಚಿನ ಮೇಲೆ ಇರುವಾಗಲೇ ಉಜ್ಜಿಬಿಡಿ, ಆಗ ದೋಣಿಗೆ ಪೂರ್ತಿ ಆಸರೆ ಇರುತ್ತದೆ. 60ರ ಒರಟು ಸ್ಯಾಂಡ್‌ಪೇಪರಿನಿಂದ ಶುರು ಮಾಡಿ 120, 220, 400 ಎಂದು ಮೇಲೇರಿ. ಯಾವಾಗಲೂ ನೀರು ಹಾಕಿಯೇ ಉಜ್ಜಿ, ಸರಿಯಾದ ರೆಸ್ಪಿರೇಟರ್ ಧರಿಸಿ. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ಇಪ್ಪತ್ತರ ವಯಸ್ಸಿನವರಿಗೆ ಇದು ದೂರದ ಮಾತಾಗಿ ಕೇಳಿಸುತ್ತದೆ. ಮಾಸ್ಕ್ ಇಲ್ಲದವರನ್ನು ನಾನು ಕೊಠಡಿಯಿಂದಲೇ ಕಳುಹಿಸುತ್ತೇನೆ. ಕೊನೆಗೆ ನಿಯಮ ಒಪ್ಪುವ ಪಾರದರ್ಶಕ ಸೀಲರ್ ಎರಡು ತೆಳು ಲೇಪ.

ಎತ್ತುವುದು, ಸಾಗಿಸುವುದು

ಕಾಂಕ್ರೀಟ್ ದೋಣಿಗೆ ನೀರಿಗಿಂತ ನೆಲದ ಮೇಲೆಯೇ ಅಪಾಯ ಹೆಚ್ಚು. 100 ಕಿಲೋದ 6 ಮೀಟರ್ ದೋಣಿಯನ್ನು ಎರಡು ತುದಿಯಲ್ಲಿ ಹಿಡಿದು ಎತ್ತಿದರೆ ನಡುವೆ ಬೀಳುವ ಬಾಗುಬಲ 75 ಕಿಲೋಗ್ರಾಂ-ಮೀಟರ್, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 75 ಕಿಲೋ ತೂಗಿಬಿಟ್ಟಷ್ಟು. ಪ್ರತಿ ತುದಿಯಿಂದ ಸುಮಾರು 1.25 ಮೀಟರ್ ಒಳಗೆ ಪಟ್ಟಿ ಹಾಕಿ ಎತ್ತಿದರೆ ಅದೇ ಬಾಗುಬಲ 13ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ ದೋಣಿಯ ಮೇಲೆ ಗುರುತು ಹಾಕಿಡಿ. ಅಚ್ಚು ಕಳಚುವಾಗ, ಮಗುಚುವಾಗ, ವಾಹನಕ್ಕೆ ಏರಿಸುವಾಗ ಒಬ್ಬರೇ ಎಣಿಕೆ ಹೇಳಲಿ, ಉಳಿದವರು ಬಾಯಿ ಮುಚ್ಚಿ ಕೈ ಕೊಡಲಿ. ಸಾಗಣೆಯ ತೊಟ್ಟಿಲಿಗೆ ಅಚ್ಚು ಕತ್ತರಿಸುವಾಗ ಉಳಿದ ಥರ್ಮೋಕೋಲಿನ ಹೊರ ತುಂಡುಗಳನ್ನೇ ಬಳಸಿ, ಅವು ದೋಣಿಯ ಆಕಾರಕ್ಕೆ ಸರಿಯಾಗಿ ಕೂರುತ್ತವೆ.

ನೀರಿನಲ್ಲಿ

ಹುಟ್ಟು ಹಾಕುವ ಅಭ್ಯಾಸವನ್ನು ದೋಣಿ ಸಿದ್ಧವಾಗುವವರೆಗೆ ಮುಂದೂಡಬೇಡಿ. ಸಾಮಾನ್ಯ ಕೆನೂ ದೋಣಿಯಲ್ಲಿ, ಕಾಂಕ್ರೀಟ್ ದೋಣಿಯಷ್ಟೇ ತೂಕ ಬರುವಂತೆ ನೀರಿನ ಚೀಲಗಳನ್ನು ಇಟ್ಟು ಅಭ್ಯಾಸ ಮಾಡಿ. ಭಾರದ ದೋಣಿ ನಿಧಾನವಾಗಿ ಹೊರಡುತ್ತದೆ, ನಿಧಾನವಾಗಿಯೇ ನಿಲ್ಲುತ್ತದೆ, ತಿರುವನ್ನು ಬಹಳ ಮೊದಲೇ ಶುರು ಮಾಡಬೇಕಾಗುತ್ತದೆ. ಮಂಡಿಯೂರಿ ಕೂತರೆ ತೂಕ ಕೆಳಗಿರುತ್ತದೆ, ಮಂಡಿಯ ಕೆಳಗೆ ದಪ್ಪ ಮೆತ್ತೆ ಇರಲಿ. ಮುಂದೆ ಕೂತವರು ಲಯ ಕೊಡುತ್ತಾರೆ, ಹಿಂದೆ ಕೂತವರು ದಿಕ್ಕು ಹಿಡಿಯುತ್ತಾರೆ. ತೇಲುಗುರುತಿನ ಬಳಿ ಮುಂದಿನವರು ಹುಟ್ಟನ್ನು ನೀರಿಗೆ ನೆಟ್ಟು ದೋಣಿಯ ಮೂತಿಯನ್ನು ಅತ್ತ ಎಳೆಯಬೇಕು, ಹಿಂದಿನವರು ದೊಡ್ಡ ಅರ್ಧವೃತ್ತದಲ್ಲಿ ಹೊರಗೆ ಬೀಸಬೇಕು. ಈ ಒಂದು ಚಲನೆಗೆ ನಿಮ್ಮ ಅಭ್ಯಾಸದ ಅರ್ಧ ಹೊತ್ತು ಕೊಡಿ. ಈಜು ಬರದವರಿಗೆ ಮೊದಲು ಈಜು ಕಲಿಸಿ. ಜೀವರಕ್ಷಕ ಜಾಕೆಟ್ ಇಲ್ಲದೆ ಅಭ್ಯಾಸಕ್ಕೂ ಇಳಿಯಬೇಡಿ.

ಓಟದ ದಿನ ದೋಣಿ ಪೂರ್ತಿ ತೇಲುವಷ್ಟು ಆಳದ ನೀರಿಗೆ ಹೋದ ಮೇಲೆಯೇ ಹತ್ತಿ. ದಡದ ಕಲ್ಲಿನ ಮೇಲೆ ತಳ ಕೂತಿರುವಾಗ ಒಬ್ಬರು ಕಾಲಿಟ್ಟರೂ ಸಾಕು, ಬಿರುಕು ಖಚಿತ. ಇಬ್ಬರು ಎರಡೂ ಅಂಚು ಹಿಡಿದು ನಿಲ್ಲಲಿ, ಹತ್ತುವವರು ನಡುಗೆರೆಯ ಮೇಲೆ ಹೆಜ್ಜೆ ಇಡಲಿ. ಪ್ರತಿ ಓಟದ ನಂತರ ದೋಣಿಯನ್ನು ಸೊಂಟದ ಮಟ್ಟದ ನೀರಿನಲ್ಲೇ ನಿಲ್ಲಿಸಿ, ಒಳಗಿನ ನೀರನ್ನು ಸ್ಪಂಜಿನಿಂದ ತೆಗೆದು ಆಮೇಲೆ ಎತ್ತಿ. ಒಳಗೆ 30 ಲೀಟರ್ ನೀರಿದ್ದರೆ ನೀವು ಎತ್ತುತ್ತಿರುವುದು 130 ಕಿಲೋ, ಅದೂ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುವ ಭಾರ. ಕೂದಲೆಳೆಯ ಬಿರುಕು ಕಂಡರೆ ಅದರ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ಪಕ್ಕದಲ್ಲಿ ಓಟದ ಸಂಖ್ಯೆ ಬರೆಯಿರಿ. ಮುಂದಿನ ಓಟದ ನಂತರವೂ ಗುರುತಿನೊಳಗೇ ಇದ್ದರೆ ಜಾಲರಿ ತನ್ನ ಕೆಲಸ ಮಾಡುತ್ತಿದೆ, ಮುಂದುವರಿಯಿರಿ. ಗುರುತು ದಾಟಿದ್ದರೆ, ಅಥವಾ ಅದರ ಮೂಲಕ ಒಳಕ್ಕೆ ನೀರು ಜಿನುಗುತ್ತಿದ್ದರೆ, ನಿಯಮ ಬಿಟ್ಟಷ್ಟು ದುರಸ್ತಿ ಮಾಡಿ, ನಾಲ್ವರ ಓಟಕ್ಕೆ ಮೊದಲು ಭಾರದವರನ್ನು ಬಿರುಕಿನಿಂದ ದೂರ ಕೂರಿಸಿ.